ಅಡಿಗೆಮನೆಯಿಂದ ಮತಗಟ್ಟೆಗೆ ಇಪ್ಪತ್ತು ಹೆಜ್ಜೆ

ಮೊನ್ನೆ ಬೆಳಿಗ್ಗೆ ಪಕ್ಕದ ಮನೆಯಿಂದ ತಳ ಹತ್ತಿದ ಉಪ್ಪಿಟ್ಟಿನ ವಾಸನೆ ಬಂತು. ನನ್ನ ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಕಿಟಕಿಯನ್ನು ಇನ್ನಷ್ಟು ತೆರೆದು ನಿಂತೆ. "ಇದೇನ್ರಿ, ಊದಿನಕಡ್ಡಿ ವಾಸನಿ ತಗೊಂಡಂಗ ತಗೊಳ್ಳಾಕತ್ತೀರಿ?" ಎಂದಳು. ಏನು ಹೇಳಲಿ? ಒಬ್ಬೊಬ್ಬರಿಗೆ ಮಲ್ಲಿಗೆಯ ವಾಸನೆಯಿಂದ ಯಾರೋ ನೆನಪಾಗುತ್ತಾರಂತೆ. ನನಗೆ ಸೀದ ಉಪ್ಪಿಟ್ಟಿನಿಂದ ನೀಲವ್ವ ನೆನಪಾಗುತ್ತಾಳೆ.

ಸಿಂದಗಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸಿಕೊಂಡಿದ್ದ ನನ್ನನ್ನು ಸರ್ಕಾರ ಚುನಾವಣೆ ಬಂದಾಗಲೆಲ್ಲ ಎರಡು ದಿನದ ಮಟ್ಟಿಗೆ ಸಾಹೇಬನನ್ನಾಗಿ ಮಾಡುತ್ತಿತ್ತು. ಮತಗಟ್ಟೆ ಅಧಿಕಾರಿ! ಪೊಲೀಸ್ ಪೇದೆ ಕೂಡ 'ಸರ' ಅನ್ನುತ್ತಿದ್ದ. ಮನೆಯಲ್ಲಿ ಸಿಗದ ಮರ್ಯಾದೆ ಹಾಗೆ ಒಮ್ಮೆಲೇ ಸಿಕ್ಕರೆ ಮನುಷ್ಯ ಸ್ವಲ್ಪ ಬೀಗುತ್ತಾನೆ. ನಾನೂ ಬೀಗಿದ್ದೆ. ನಿಯಮದ ಪುಸ್ತಕವನ್ನು ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದೆ.

ಒಮ್ಮೆ ದೇವರ ಹಿಪ್ಪರಗಿಯಿಂದ ಒಳಗಿನ ಒಂದು ಹಳ್ಳಿಗೆ ಹಾಕಿದರು. ಅಲ್ಲಿಯ ಶಾಲೆಯೇ ಮತಗಟ್ಟೆ. ಮಕ್ಕಳಿಗೆ ಬಿಸಿಯೂಟ ಮಾಡುವ ನೀಲವ್ವನೇ ಆ ದಿನ ನಮಗೂ ಅಡಿಗೆ ಮಾಡುವವಳು. ಸಿಬ್ಬಂದಿ, ಪೇದೆ, ಪಕ್ಷಗಳ ಏಜೆಂಟರು, ನಡುವೆ ಬಂದು ಹೋಗುವ ದೊಡ್ಡ ಸಾಹೇಬರು, ಎಲ್ಲರ ಹೊಟ್ಟೆಯೂ ಆಕೆಯ ಕೈಯಲ್ಲಿ. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ನಡುನಡುವೆ ಚಹಾ. ಆ ಚಟ್ನಿಪುಡಿಯ ಬಗ್ಗೆ ಒಂದು ಮಾತು ಹೇಳಲೇಬೇಕು: ಬೆಳಗಿನಿಂದ ಒಬ್ಬರ ಮುಖ ಒಬ್ಬರು ನೋಡದ ಏಜೆಂಟರು ಅದರ ಬಟ್ಟಲನ್ನು ಒಬ್ಬರಿಗೊಬ್ಬರು ದಾಟಿಸಿದರು. ನಾನಂತೂ ನಾಲ್ಕು ರೊಟ್ಟಿ ಮುಗಿಸಿ, ಐದನೆಯದಕ್ಕೆ ಬೇಡಬೇಡವೆನ್ನುತ್ತ ಕೈ ಒಡ್ಡಿದೆ.

ಸಂಜೆ ಆರಾಯಿತು. ಸಾಲಿನಲ್ಲಿ ಯಾರೂ ಉಳಿದಿರಲಿಲ್ಲ. ಗಡಿಯಾರ ನೋಡಿ ಯಂತ್ರದ ಮುಕ್ತಾಯದ ಗುಂಡಿ ಒತ್ತಿದೆ. ಹತ್ತು ನಿಮಿಷಕ್ಕೆ ನೀಲವ್ವ ಬಂದಳು. ಒಂದು ಕೈಯಲ್ಲಿ ಚಹಾದ ಕಿಟ್ಲಿ, ಇನ್ನೊಂದರಲ್ಲಿ ಮತದಾರರ ಚೀಟಿ. ಮೊಳಕೈತನಕ ಜೋಳದ ಹಿಟ್ಟು.

"ಸರ, ಕೆಲ್ಸ ಮುಗೀತ್ರಿ. ನಂದೊಂದ ಓಟು ಒತ್ತಿ ಮನಿಗೆ ಹೋಗ್ತೇನಿ."

"ಆರು ಹೊಡದ ಹೋತವ್ವ. ಆರರೊಳಗ ಬಂದು ಪಾಳೇಕ ನಿಂದ್ರಬೇಕಿತ್ತು," ಎಂದೆ.

"ನಾ ಪಾಳೇಕ ನಿಂತಿದ್ರ ನಿಮ್ಮ ರೊಟ್ಟಿ ಯಾರ ಬಡೀತಿದ್ರು ಸರ?"

ಬಾಯಿಪಾಠ ಮಾಡಿದ ಪುಸ್ತಕವನ್ನೆಲ್ಲ ಮನಸ್ಸಿನಲ್ಲೇ ತಿರುವಿ ಹಾಕಿದೆ. ರೊಟ್ಟಿ ಬಡಿಯುವವರ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ.

"ಪ್ರತಿ ಸಲ ಹಿಂಗ ಆಗ್ತೈತ್ರಿ," ಎಂದಳು ಆಕೆ. "ಈ ಸಾಲಿ ಮಕ್ಕಳ ಅಡಗಿಗೆ ಬಂದಾಗಿಂದ ಒಂದ ಸಲಾನೂ ಹಾಕಿಲ್ಲ. ಇರ್ಲಿ ಬಿಡ್ರಿ. ಚಾ ಆರತೈತಿ, ಕುಡೀರಿ."

ಬೈದಿದ್ದರೆ ಚೆನ್ನಾಗಿತ್ತು. ಆಕೆ ಚಹಾ ಬಸಿದು ಕೊಟ್ಟಳು. ನಾನು ಕುಡಿದೆ. ಮೇಷ್ಟರ ಚಟ ನೋಡಿ, ಹೊರಡುವ ಮುನ್ನ ಅಡಿಗೆಮನೆಯಿಂದ ಮತಗಟ್ಟೆಗೆ ಎಷ್ಟು ಹೆಜ್ಜೆ ಎಂದು ಎಣಿಸಿದೆ. ಇಪ್ಪತ್ತು. ಪುಣೆಯಿಂದ, ಗೋವಾದಿಂದ ಬಸ್ಸು ಹತ್ತಿ ಜನ ಬಂದು ಮತ ಹಾಕಿ ಹೋಗಿದ್ದರು. ಈಕೆಗೆ ಇಡೀ ದಿನದಲ್ಲಿ ಇಪ್ಪತ್ತು ಹೆಜ್ಜೆ ಇಡಲು ಆಗಿರಲಿಲ್ಲ. ತಡೆದವರು ಯಾರೋ ಗೂಂಡಾಗಳಲ್ಲ. ನಾನು, ನನ್ನ ಐದನೆಯ ರೊಟ್ಟಿ.

ಮುಂದಿನ ವರ್ಷ ಇನ್ನೊಂದು ಚುನಾವಣೆ ಬಂತು. ಯಾರು ಯಾವ ಊರಿಗೆ ಎಂಬುದನ್ನು ಕಂಪ್ಯೂಟರ್ ಆರಿಸುತ್ತದೆ ಎನ್ನುತ್ತಾರೆ. ಅದಕ್ಕೆ ನನ್ನ ಐದನೆಯ ರೊಟ್ಟಿಯ ಋಣ ಹೇಗೆ ತಿಳಿಯಿತೋ, ಮತ್ತೆ ಅದೇ ಊರಿಗೆ ಹಾಕಿತು. ಹಿಂದಿನ ದಿನ ಸಂಜೆ ಯಂತ್ರ ಇಳಿಸುವ ಮೊದಲೇ ಅಡಿಗೆಮನೆಗೆ ಹೋದೆ.

"ನೀಲವ್ವ, ನಾಳೆ ಏಳಕ್ಕ ಮೊದಲನೇ ಓಟು ನಿಂದು."

"ಏಳಕ್ಕ ಉಪ್ಪಿಟ್ಟು ಒಲಿ ಮ್ಯಾಲಿರತೈತ್ರಿ."

"ಉಪ್ಪಿಟ್ಟು ನಾವು ನೋಡ್ಕೋತೇವಿ."

"ನೀವ?" ಎಂದು ಆಕೆ ನನ್ನ ಕೈ ನೋಡಿ ನಕ್ಕಳು.

ಮತದಾನ ಶುರುವಾದ ಮೇಲೆ ನಾನು ಜಾಗ ಬಿಟ್ಟು ಏಳುವಂತಿರಲಿಲ್ಲ. ಆದರೆ ಏಜೆಂಟರಿಗೆ ಬದಲಿ ಜನ ಇರುತ್ತಾರಲ್ಲ, ತಮ್ಮ ಸರದಿ ಬರುವವರೆಗೆ ಹೊರಗೆ ಕೂತಿರುವವರು. ಮಲ್ಲಪ್ಪ, ಶರಣಪ್ಪ ಎಂಬ ಇಬ್ಬರಿದ್ದರು. ಎದುರಾಳಿ ಪಕ್ಷದವರು, ಒಂದು ತಿಂಗಳಿಂದ ಮಾತು ಬಿಟ್ಟವರು. ಮರುದಿನ ಏಳಕ್ಕೆ ಮೊದಲೇ ಅವರನ್ನು ಒಲೆಯ ಮುಂದೆ ಕೂರಿಸಿದೆ. "ನಾ ಒಬ್ಬನ ನೋಡ್ತೇನ್ರಿ," ಎಂದ ಮಲ್ಲಪ್ಪ. "ಅವನ ಒಬ್ಬನ ಕೈಯಾಗ ಕೊಡಬ್ಯಾಡ್ರಿ," ಎಂದ ಶರಣಪ್ಪ. ಇಬ್ಬರೂ ಕೂತರು.

ಹೊರಗೆ ಇನ್ನೊಂದು ತಕರಾರು. ಹೆಂಗಸರ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಗಂಗಮ್ಮಜ್ಜಿ ಕೋಲು ಊರಿ ನಿಂತಿದ್ದಳು. "ನಾ ನಸಕಿನ್ಯಾಗ ಬಂದೇನಿ. ಮೊದಲನೇ ಓಟು ನಂದ!" ಎಂದು ಕೋಲು ಅಡ್ಡ ಹಿಡಿದಳು. ನೀಲವ್ವನ ಕಥೆ ಹೇಳಿದೆ. ಅಜ್ಜಿ ಆಕೆಯ ಕಡೆ ತಿರುಗಿ, "ಅಯ್ಯ ನಮ್ಮವ್ವ, ಇಷ್ಟ ವರ್ಷ ಹಾಕೇ ಇಲ್ಲ? ಹೋಗು ಹೋಗು," ಎಂದವಳು ತಕ್ಷಣ ನನ್ನ ಕಡೆ ತಿರುಗಿದಳು. "ಎರಡನೇದ ನಂದು. ಬರಕೋರಿ."

ನೀಲವ್ವ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಯಂತ್ರದ ಮರೆಗೆ ಹೋದಳು. ಹೋದವಳು ಅಲ್ಲೇ ನಿಂತಳು. ಒಂದು ನಿಮಿಷ. ಎರಡು ನಿಮಿಷ. ಸಾಲು ಗೊಣಗತೊಡಗಿತು.

"ಆತೇನವ್ವ?" ಎಂದೆ.

ಮರೆಯ ಹಿಂದಿನಿಂದ ಉತ್ತರ ಬಂತು: "ತಡೀರಿ ಸರ. ಇಷ್ಟ ದಿನಕ್ಕ ಬಂದೇನಿ. ಎಲ್ಲಾರ್ನೂ ಒಮ್ಮೆ ಚಂದಂಗ ನೋಡ್ತೇನಿ."

ಅಷ್ಟರಲ್ಲಿ ಅಡಿಗೆಮನೆಯಿಂದ ಹೊಗೆ, ಹಿಂದೆಯೇ ಜಗಳದ ದನಿ. "ನೀ ತಿರುವ್ತಿ ಅಂತ ಮಾಡಿದ್ದೆ!" "ನಿನಗ ಸೌಟು ಯಾರ ಕೊಟ್ಟಿದ್ರು?" ನನ್ನ ಕಾಲುಗಳು ಎದ್ದವು, ಹುದ್ದೆ ಕೂರಿಸಿತು. ಕೊನೆಗೆ ಯಂತ್ರ 'ಪೀಂ' ಎಂದಿತು. ನೀಲವ್ವ ಹೊರಬಂದಳು. ಮುಖ ಗಂಭೀರ. ಬೆರಳಿನ ಹಸಿ ಶಾಯಿ ಎಲ್ಲಿಯೂ ತಾಗಬಾರದೆಂಬಂತೆ ಎತ್ತಿ ಹಿಡಿದಿದ್ದಳು. ಬಾಗಿಲು ದಾಟಿದ ಮೇಲೆ ಮಾತ್ರ, ಸೀರೆ ಎತ್ತಿಕೊಂಡು, ಆ ಇಪ್ಪತ್ತು ಹೆಜ್ಜೆಯನ್ನು ಓಡಿದಳು.

ಉಪ್ಪಿಟ್ಟಿನ ತಳ ಹತ್ತಿತ್ತು. ಅದು ಹೋಗಲಿ, ಎದುರಿನವನು ಉಪ್ಪು ಹಾಕಿರಲಾರನೆಂದು ಇಬ್ಬರೂ ಹಾಕಿದ್ದರು. ಕೆಡಿಸಿದ್ದು ಎದುರು ಪಕ್ಷವೆಂದು ಮತಗಟ್ಟೆಯ ಡೈರಿಯಲ್ಲಿ ಬರೆಯಬೇಕೆಂದು ಇಬ್ಬರೂ ಪಟ್ಟು ಹಿಡಿದರು. ಅಹಿತಕರ ಘಟನೆಗಳ ಕಾಲಮ್ಮಿನಲ್ಲಿ ನಾನು 'ಇಲ್ಲ' ಎಂದು ಬರೆದೆ. ನೀಲವ್ವ ಒಂದು ತುತ್ತು ಬಾಯಿಗಿಟ್ಟು, "ಚಲೋ ಆಗೇತ್ರಿ," ಎಂದಳು. ಯಾರಿಗೆ ಮತ ಹಾಕಿದೆನೆಂದು ಮುಚ್ಚಿಡುವ ಹಕ್ಕಿರುವಾಗ ಇಷ್ಟು ಸುಳ್ಳು ಹೇಳುವ ಹಕ್ಕೂ ಇರಬೇಕು. ನಾವೆಲ್ಲ ತಟ್ಟೆ ಖಾಲಿ ಮಾಡಿದೆವು. ಆ ದಿನ ಶಾಲೆಯ ನೀರಿನ ಕೊಡಗಳು ಬೇಗ ಬರಿದಾದವು.

ಈಗ ನಾನು ನಿವೃತ್ತ. ಯಾವ ಪೇದೆಯೂ ಸರ ಅನ್ನುವುದಿಲ್ಲ. ಕಳೆದ ಮತದಾನದ ದಿನ ಎಂದಿನಂತೆ ಪಾತ್ರೆ ತಿಕ್ಕಲು ಶಾಂತವ್ವ ಬಂದಳು. "ಓಟು ಹಾಕಿ ಬಂದಿ?" ಎಂದು ಕೇಳಿದೆ. "ನಿಮ್ಮ ಭಾಂಡಿ ಆದ ಮ್ಯಾಲ ಇನ್ನ ಮೂರ ಮನಿ ಅದಾವ್ರಿ," ಎಂದಳು. ಆ ಮೂರೂ ಮನೆಗೆ ನಾನೇ ಹೋಗಿ, ಇವತ್ತು ಶಾಂತವ್ವ ತಡವಾಗಿ ಬರುತ್ತಾಳೆಂದು ಹೇಳಿದೆ. ಮೂರೂ ಕಡೆ ನನ್ನನ್ನು ನೋಡಿದ ರೀತಿ ಇಲ್ಲಿ ಬರೆಯುವಂಥದ್ದಲ್ಲ. ಮನೆಗೆ ಬಂದು, ಧೋತರ ಎತ್ತಿ ಕಟ್ಟಿ, ನಮ್ಮ ಭಾಂಡೆ ನಾನೇ ತಿಕ್ಕಿದೆ.

ಎರಡು ತಾಸಿಗೆ ಶಾಂತವ್ವ ಬಂದಳು. ಬೆರಳು ತೋರಿಸಿದಳು. ಆಮೇಲೆ ನಾನು ತೊಳೆದು ಬೋರಲು ಹಾಕಿದ್ದ ಭಾಂಡೆಗಳನ್ನು ಒಂದೊಂದಾಗಿ ಎತ್ತಿ, ಬೆಳಕಿಗೆ ಹಿಡಿದು ನೋಡಿ, ಎಲ್ಲವನ್ನೂ ಮತ್ತೆ ಬಚ್ಚಲಿಗೆ ಹಾಕಿಕೊಂಡಳು.