ಮೂವತ್ತು ಸೆಕೆಂಡಿನ ವಿಮಲಾ ಮೇಡಂ

ಹೊತ್ತಿನ ವಿಷಯದಲ್ಲಿ ವಿಮಲಾ ಮೇಡಂ ಯಾರ ಬಾಯಿಮಾತನ್ನೂ ನಂಬುತ್ತಿರಲಿಲ್ಲ, ತಮ್ಮದನ್ನೂ ಸೇರಿಸಿ. 'ಕ್ಲಾಸು ಮುಗಿಯೋಕೆ ಇನ್ನೆಷ್ಟೊತ್ತು ಮೇಡಂ?' ಎಂದು ಕೇಳಿದರೆ ಎಡಗೈ ತಿರುಗಿಸಿ, ಮಣಿಕಟ್ಟಿನ ಒಳಬದಿಗೆ ಕಟ್ಟಿದ ವಾಚು ನೋಡಿಯೇ ಉತ್ತರ. ಅದೇ ಪ್ರಶ್ನೆಯನ್ನು ಪಕ್ಕದವಳು ತಕ್ಷಣ ಕೇಳಿದರೂ ಮತ್ತೆ ಕೈ ತಿರುಗುತ್ತಿತ್ತು. ಈಗತಾನೆ ನೋಡಿದಿರಲ್ಲ ಅಂದರೆ, 'ಅದು ಆಗ. ಇದು ಈಗ' ಎನ್ನುತ್ತಿದ್ದರು. ಒಮ್ಮೆ ಬ್ಯಾಂಕಿನವರು ಫೋನಿನಲ್ಲಿ ವಯಸ್ಸು ಕೇಳಿದಾಗಲೂ ಅವರ ಕಣ್ಣು ವಾಚಿನ ಕಡೆ ಹೋದದ್ದನ್ನು ನಾನೇ ನೋಡಿದ್ದೇನೆ.

ಹುಣಸೂರು ಬಸ್ ನಿಲ್ದಾಣದಿಂದ ಕೂಗಳತೆಯಲ್ಲಿ, ಗೊಬ್ಬರದಂಗಡಿಯ ಮಹಡಿ ಮೇಲೆ ಅವರ ಕಂಪ್ಯೂಟರ್ ತರಬೇತಿ ಕೇಂದ್ರ. ಕೆಳಗಿನ ಗೊಬ್ಬರದ ಘಾಟು ನಮ್ಮ ಜೊತೆಗೇ ಮೆಟ್ಟಿಲು ಹತ್ತಿ ಬರುತ್ತಿತ್ತು. ಮೇಡಂ ಪಿರಿಯಾಪಟ್ಟಣ ತಾಲ್ಲೂಕಿನವರು, ಹೊಗೆಸೊಪ್ಪು ಬೆಳೆಯುವ ಮನೆಯ ಮಗಳು. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿ, ಕೆಲವು ವರ್ಷ ಅಲ್ಲೇ ಒಂದು ಕಂಪನಿಗೆ ಪ್ರೋಗ್ರಾಂ ಬರೆದು, ಮದುವೆಯಾಗಿ ಹುಣಸೂರಿಗೆ ಬಂದಿದ್ದರು. ಓದು ಎಷ್ಟೇ ಆಗಿದ್ದರೂ ಮಾತು ಊರಿನದೇ. ಹತ್ತಿ ಸೀರೆ ಉಟ್ಟು ಕಾಲಿಗೆ ಕ್ಯಾನ್ವಾಸ್ ಶೂ ಹಾಕುತ್ತಿದ್ದರು. ಸೀರೆಗೆ ಶೂ ಏನು ಮೇಡಂ ಎಂದು ನಕ್ಕವರಿಗೆ, 'ಮೆಟ್ಲು ಅತ್ತಿ ಇಳಿಯೋಳು ನಾನು. ನಿನ್ ಕಣ್ಣಿಗ್ಯಾಕೆ ತೊಂದ್ರೆ?' ಎಂದು ಅಲ್ಲೇ ಬಾಯಿ ಮುಚ್ಚಿಸುತ್ತಿದ್ದರು.

ನನಗೂ ಅವರಿಗೂ ಪರಿಚಯವಾದದ್ದು ಜಗಳದಿಂದ.

ನಾನು ಎಚ್.ಡಿ. ಕೋಟೆ ಕಡೆಯವಳು, ಅಂತರಸಂತೆ ಪಕ್ಕದ ಹಳ್ಳಿ. ಕಾಲೇಜಿನಲ್ಲಿ ಓದಿದ್ದಕ್ಕಿಂತ ಕಬಡ್ಡಿ ಆಡಿದ್ದೇ ಹೆಚ್ಚು. ಶಶಿಕಲಾ ರೈಡಿಗೆ ಹೋದರೆ ಬರಿಗೈಲಿ ಬರುವವಳಲ್ಲ ಎಂದು ಸುತ್ತಲಿನ ತಾಲ್ಲೂಕುಗಳಲ್ಲಿ ಹೆಸರಿತ್ತು. ಜಂಬಕ್ಕೆ ಹೇಳುತ್ತಿಲ್ಲ. ಜಂಬವೂ ಸ್ವಲ್ಪ ಇದೆ ಅನ್ನಿ.

ಆ ವರ್ಷ ಹುಣಸೂರಿನಲ್ಲಿ ಹೆಣ್ಣುಮಕ್ಕಳ ಪಂದ್ಯಾವಳಿ ನಡೆಯಿತು. ಫೈನಲ್ ನಮಗೂ ಪಿರಿಯಾಪಟ್ಟಣದವರಿಗೂ. ಅಂಕಣದ ಪಕ್ಕ ಹೊಸದಾಗಿ ದೊಡ್ಡ ಟಿವಿ ಇಟ್ಟು, ಲ್ಯಾಪ್‌ಟಾಪಿನಿಂದ ಅಂಕವನ್ನೂ ರೈಡಿನ ಸಮಯವನ್ನೂ ತೋರಿಸುತ್ತಿದ್ದರು. ಕಬಡ್ಡಿ ಗೊತ್ತಿಲ್ಲದವರಿಗೆ ಹೇಳುತ್ತೇನೆ: ರೈಡರ್ ಎದುರಾಳಿಗಳ ಕಡೆ ನುಗ್ಗಿ, ಮುಟ್ಟಿ, ಮೂವತ್ತು ಸೆಕೆಂಡಿನೊಳಗೆ ಗೆರೆ ದಾಟಿ ವಾಪಸ್ ಬರಬೇಕು. ತಡವಾದರೆ ಔಟ್. ಆ ಮೂವತ್ತನ್ನು ಒಂದೊಂದಾಗಿ ಇಳಿಸಿ ಕೊನೆಗೆ ಬಜರ್ ಬಾರಿಸುವ ಪ್ರೋಗ್ರಾಂ ಬರೆದವರು ವಿಮಲಾ ಮೇಡಂ. ಲ್ಯಾಪ್‌ಟಾಪಿನ ಮುಂದೆ ಕೂತಿದ್ದವರೂ ಅವರೇ.

ಅಂಕ ಸಮವಾಗಿತ್ತು. ಕೊನೆಯ ರೈಡು ನನ್ನದು. ಟಿವಿಯ ಅಂಕಿ ನೋಡಿಕೊಂಡೇ ಆಡಿದೆ. ಇನ್ನೇನು ಮುಗಿಯಿತು ಅನ್ನುವಾಗ ಮೂಲೆಯ ಹುಡುಗಿಯ ಭುಜ ತಟ್ಟಿ ಗೆರೆಗೆ ಹಾರಿದೆ. ನಾನು ದಾಟಿದ ಮೇಲೆ ಬಜರ್ ಕೂಗಿತು. ಗೆದ್ದೆವು. ನಮ್ಮ ಪಿ.ಟಿ. ಮಾಸ್ಟರು ಸೋಮಣ್ಣ ಸರ್ ಟವೆಲ್ ಗಾಳಿಗೆ ಎಸೆದು ಕುಣಿದರು. ಹುಡುಗಿಯರು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡರು. ನಾನಿನ್ನೂ ಕೆಳಗೆ ಇಳಿದಿರಲಿಲ್ಲ, ಮೈಕಿನಲ್ಲಿ ಒಂದು ಹೆಂಗಸಿನ ದನಿ ಕೇಳಿತು.

'ಎಲ್ಲಾರೂ ಒಂದ್ ನಿಮ್ಸ ನಿಂತ್ಕಳಿ. ಈ ರೈಡು ಮೂವತ್ತು ಸೆಕೆಂಡಲ್ಲಿ ಮುಗ್ದಿಲ್ಲ. ಟಿವಿ ನಿಧಾನ ಓಡ್ತಾ ಅದೆ. ನನ್ ವಾಚಲ್ಲಿ ಆಗ್ಲೇ ಮೂವತ್ತು ದಾಟಿತ್ತು. ಪ್ರೋಗ್ರಾಂ ಬರ್ದೋಳು ನಾನು, ತಪ್ಪು ನಂದು.'

ಮೇಡಂ ಪಿರಿಯಾಪಟ್ಟಣದ ಮಗಳು ಅನ್ನುವುದು ಮೈದಾನಕ್ಕೆಲ್ಲ ಹೇಗೆ ಹಬ್ಬಿತೋ ದೇವರಿಗೇ ಗೊತ್ತು. ಸೋಮಣ್ಣ ಸರ್ ಮೇಜಿನ ಹತ್ತಿರ ನುಗ್ಗಿದರು. 'ತವ್ರಿಗೆ ಕಪ್ ಕಳ್ಸಕ್ಕೆ ಒಳ್ಳೆ ದಾರಿ ಕಂಡ್ಕಂಡ್ರಿ ಮೇಡಂ' ಎಂದರು. ಪಂದ್ಯಾವಳಿಯ ಕಾರ್ಯದರ್ಶಿ ಇನ್ನೊಂದು ಪಕ್ಕದಿಂದ ಬಗ್ಗಿ, 'ಬುಡಿ ಮೇಡಂ, ಯಾರ್ಗೂ ಗೊತ್ತಾಗಿರ್ಲಿಲ್ಲ' ಎಂದರಂತೆ. ಅದಕ್ಕೆ ಮೇಡಂ, 'ನಂಗ್ ಗೊತ್ತಾಯ್ತಲ್ಲ ಸಾರ್' ಎಂದರಂತೆ.

ಪಿರಿಯಾಪಟ್ಟಣದವರು ಸುಮ್ಮನಿರುತ್ತಾರೆಯೇ? ಹಾಗಾದರೆ ಶಶಿಕಲಾ ಔಟ್, ಕಪ್ ನಮ್ಮದು ಎಂದು ಎದ್ದರು. ಮೇಡಂ ಅದಕ್ಕೂ ಒಪ್ಪಲಿಲ್ಲ. 'ಆ ಮಗ ಟಿವಿ ನೋಡ್ಕಂಡ್ ಆಡವ್ಳೆ. ನಾನ್ ಮಾಡಿದ್ ತಪ್ಪಿಗೆ ಅವ್ಳ್ಯಾಕೆ ಔಟ್ ಆಗ್ಬೇಕು? ಟಿವಿ ಆರ್ಸಿ, ರೈಡು ಇನ್ನೊಂದ್ ಸತಿ ಆಡ್ಸಿ. ಸ್ಟಾಪ್‌ವಾಚು ಸೋಮಣ್ಣೋರ್ ಕೈಗೇ ಕೊಡಿ' ಎಂದರು. ರೆಫರಿಗೂ ಅದೇ ಸರಿ ಕಂಡಿತು. ನಾನು ಎರಡನೇ ಸಲ ಹೋದೆ. ಕಾಲು ಹಿಡಿದು ಕೆಡವಿದರು. ಗೆರೆ ನನ್ನ ಬೆರಳಿಗೆ ಒಂದು ಗೇಣು ದೂರದಲ್ಲಿತ್ತು. ಕಪ್ ಪಿರಿಯಾಪಟ್ಟಣಕ್ಕೆ ಹೋಯಿತು. ಆ ಹೆಂಗಸನ್ನು ನಾನು ಬಸ್ಸಿನುದ್ದಕ್ಕೂ ಬಾಯಿಗೆ ಬಂದಂತೆ ಬೈದುಕೊಂಡು ಊರು ಸೇರಿದೆ.

ಬೈದದ್ದು ಸಾಲಲಿಲ್ಲ. ಮುಂದಿನ ವಾರ ಎದುರಿಗೇ ಬೈಯೋಣವೆಂದು ಹುಣಸೂರಿಗೆ ಬಂದು ಆ ಮೆಟ್ಟಿಲು ಹತ್ತಿದೆ.

'ಕಪ್ ಕಿತ್ಕಂಡ್ರಲ್ಲ, ಈಗ ಸಮಾಧಾನ್ವಾ ಮೇಡಂ?' ಎಂದೆ.

ಅವರು ಒಂದು ಸ್ಟೂಲು ನನ್ನ ಕಡೆ ತಳ್ಳಿದರು. 'ಕೂತ್ಕ. ಉಸ್ರು ಬುಡು. ನೋಡಾದ್ಮೇಲೆ ಬೈಯಿವಂತೆ.'

ಅದೇ ಲ್ಯಾಪ್‌ಟಾಪ್ ತೆರೆದು, ಅದೇ ಪ್ರೋಗ್ರಾಂ ಓಡಿಸಿ, ಕೈಯಿಂದ ವಾಚು ಬಿಚ್ಚಿ ಪಕ್ಕಕ್ಕಿಟ್ಟರು. 'ಎರಡ್ನೂ ನೋಡ್ತಿರು' ಎಂದರು. ಅಂಕಿ ಚೆನ್ನಾಗಿಯೇ ಇಳಿಯುತ್ತಿತ್ತು. ಅಷ್ಟರಲ್ಲಿ ಅಂಕಿಯ ಕೆಳಗೆ, ಕೈಮುಗಿದು ನಗುತ್ತಿರುವ ದಾನಿಯೊಬ್ಬರ ಫೋಟೊ ಬಂತು. ಅದು ಬರುವಷ್ಟು ಹೊತ್ತು ಅಂಕಿ ನಿಂತೇ ಬಿಟ್ಟಿತು. ವಾಚಿನ ಮುಳ್ಳು ಮಾತ್ರ ತನ್ನ ಪಾಡಿಗೆ ಹೋಗುತ್ತಿತ್ತು. ಫೋಟೊ ಬಂದಾದ ಮೇಲೆ ಅಂಕಿ ಏನೂ ಆಗದವರ ಹಾಗೆ ಮತ್ತೆ ಇಳಿಯತೊಡಗಿತು. ಇನ್ನೊಬ್ಬ ದಾನಿ ಬಂದರು. ಮತ್ತೆ ನಿಂತಿತು.

ಆದದ್ದು ಇಷ್ಟು. ಫೈನಲ್ ದಿನ ಬೆಳಿಗ್ಗೆ ಕಾರ್ಯದರ್ಶಿ ಒಂದು ಪೆನ್‌ಡ್ರೈವ್ ತಂದು, ದಾನಿಗಳ ಫೋಟೊ ಟಿವಿಯಲ್ಲಿ ಬರದಿದ್ದರೆ ಮುಂದಿನ ವರ್ಷ ಪಂದ್ಯವೇ ಇಲ್ಲ ಎಂದು ಹಟ ಹಿಡಿದರು. ಫ್ಲೆಕ್ಸ್ ಅಂಗಡಿಯಿಂದ ನೇರ ತಂದ ಫೋಟೊಗಳು. ಒಂದೊಂದೂ ಊರ ಬಾಗಿಲಿಗೆ ಕಟ್ಟುವ ಗಾತ್ರದವು. ಮೇಡಂ ಅವಸರದಲ್ಲಿ, ಸೆಕೆಂಡು ಇಳಿಸುವ ಟೈಮರಿಗೇ ಫೋಟೊ ಹೊರುವ ಕೆಲಸವನ್ನೂ ವಹಿಸಿದರು. ಟೈಮರು ಸೆಕೆಂಡಿಗೊಮ್ಮೆ ಕರೆದಾಗಲೆಲ್ಲ ಮೂವತ್ತರಲ್ಲಿ ಒಂದು ಕಳೆ ಎಂದು ಪ್ರೋಗ್ರಾಂನಲ್ಲಿ ಬರೆದಿತ್ತು. ಫೋಟೊ ಹೊರುವಾಗ ಬಂದ ಕರೆ ಕೇಳಿಸಿಕೊಳ್ಳುವವರೇ ಇಲ್ಲ, ಆ ಸೆಕೆಂಡು ಲೆಕ್ಕಕ್ಕೇ ಸೇರುತ್ತಿರಲಿಲ್ಲ.

'ಟೈಮರ್ ಅಂದ್ರೆ ಕೋಳಿ ಕಣೇ' ಎಂದರು ಮೇಡಂ. 'ಕೂಗ್ತದೆ, ಅಷ್ಟೆಯ. ನೀನ್ ಒಳಗೆ ಗೊರ್ಕೆ ಒಡೀತಾ ಇದ್ರೆ ಎಷ್ಟ್ ಸತಿ ಕೂಗ್ತು ಅಂತ ನಿಂಗೇನ್ ಗೊತ್ತು? ಕೂಗು ಎಣ್ಸಿ ಟೈಮ್ ಹೇಳ್ಬಾರ್ದು. ಕೂಗ್ದಾಗ ಎದ್ದು ಗಡಿಯಾರ ನೋಡ್ಬೇಕು. ಸುರು ಆಗಿದ್ದೆಷ್ಟೊತ್ಗೆ, ಈಗೆಷ್ಟು, ಕಳೆದ್ರೆ ಮುಗೀತು. ಎಣಿಸ್ಬ್ಯಾಡ, ನೋಡು. ಇದ್ನ ಮಕ್ಳಿಗೆ ದಿನಾ ಹೇಳ್ಕೊಡೋಳು ನಾನು. ಅವತ್ತು ನಾನೇ ಎಣ್ಸ್‌ಬುಟ್ಟೆ.'

ನನಗೆ ಬೈಗುಳ ಮರೆತುಹೋಯಿತು. ಟಿವಿ ನೋಡಿ ಆಡಿದ ಆ ರೈಡಿನಲ್ಲಿ ನನ್ನ ದಮ್ಮು ಎಂದೂ ಇಲ್ಲದಷ್ಟು ಕಟ್ಟಿಹೋಗಿತ್ತು. ಸುಸ್ತಾಗಿದ್ದೇನೆ ಅಂದುಕೊಂಡಿದ್ದೆ. ಮೇಡಂಗೆ ಹೇಳಿದೆ. ಅವರು ಜೋರಾಗಿ ನಕ್ಕು, 'ಟಿವಿಗಿಂತ ನಿನ್ ಎದೆ ಗಡಿಯಾರ್ವೇ ವಾಸಿ ಬುಡು. ಸೋಮ್ವಾರ ಬಂದ್ ಸೇರ್ಕ' ಎಂದರು. ಬೈಯಲು ಹೋದವಳು ಶಿಷ್ಯೆಯಾಗಿ ಇಳಿದು ಬಂದೆ.

ಕಲಿಸುವಾಗ ಅವರು ಬೋರ್ಡಿನ ಮೇಲೆ ಬರೆದದ್ದು ಕಡಿಮೆ. ತಪ್ಪು ಮಾಡಲು ಬಿಟ್ಟು, ಪಕ್ಕದಲ್ಲಿ ನಿಂತು ಚಹಾ ಕುಡಿಯುತ್ತಿದ್ದರು. ಒಂದು ದಿನ, ಮೂವತ್ತು ಮುಗಿದ ತಕ್ಷಣ 'ಸಮಯ ಮುಗಿಯಿತು' ಎಂಬ ಪುಟ್ಟ ಪೆಟ್ಟಿಗೆ ತೆರೆಯ ಮೇಲೆ ಬರುವ ಹಾಗೆ ಬರೆದೆ. ಬಂತು. ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಒಂದನ್ನು ಮುಚ್ಚುವಷ್ಟರಲ್ಲಿ ಇನ್ನೊಂದು ಹಾಜರ್. ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತು. ನಾನು ವೈರು ಕೀಳಲು ಹೋದೆ.

'ವೈರ್ ಏನ್ ಮಾಡ್ತು ನಿಂಗೆ?' ಎಂದರು ಮೇಡಂ. 'ಕೋಳಿ ಬಾಯಿ ಮುಚ್ಚಿಸ್ದೆ ಮಾತಾಡಕ್ಕೋದ್ರೆ ಅಂಗೇ ಆಗೋದು. ಮೊದ್ಲು ಟೈಮರ್ ನಿಲ್ಸು, ಆಮೇಲೆ ಹೇಳೋದ್ ಹೇಳು. ಸುರು ಮಾಡಿದೋರೇ ನಿಲ್ಲಿಸ್ಬೇಕು ಕಣೇ, ಪಕ್ಕದ್ ಮನೆಯೋರ್ ಬಂದ್ ನಿಲ್ಲಿಸ್ತಾರಾ?'

ಅವರೂ ಹಾಗೇ ಇದ್ದರು. ಸಂಜೆ ಬಾಗಿಲು ಹಾಕುವಾಗ ಪ್ರತಿ ಕಂಪ್ಯೂಟರ್, ಪ್ರತಿ ಫ್ಯಾನು ತಾವೇ ಆರಿಸುವುದು. ಕೆಳಗಿಳಿದ ಮೇಲೆ ಅನುಮಾನ ಬಂದು ಮತ್ತೆ ಹತ್ತುವುದು. ನಾವು ಬೀದಿಯಲ್ಲಿ ನಿಂತು ನಗುತ್ತಿದ್ದೆವು. ಈಗ ನನ್ನ ಅಂಗಡಿ ಮುಚ್ಚುವಾಗ ನಾನೂ ಹತ್ತಿ ನೋಡಿ ಬರುತ್ತೇನೆ. ನನ್ನ ಕೆಲಸದವರು ನಗುತ್ತಾರೆ.

ಹೌದು, ಈಗ ನನಗೂ ಅಂಗಡಿ ಇದೆ. ಅಕ್ಕಿ ಗಿರಣಿಗಳಿಗೆ, ಲಾರಿ ತೂಗುವ ವೇಬ್ರಿಡ್ಜ್‌ಗಳಿಗೆ ಪ್ರೋಗ್ರಾಂ ಬರೆದುಕೊಡುತ್ತೇನೆ. ಕಬಡ್ಡಿಗೆ ಹೊಸ ಸ್ಕೋರ್‌ಬೋರ್ಡ್ ಬರೆದವಳೂ ನಾನೇ. ಫೋಟೊಗಳನ್ನು ಪಂದ್ಯಕ್ಕೆ ಮೊದಲೇ ಚಿಕ್ಕದು ಮಾಡಿ ಬೇರೆ ಕಡೆ ಜೋಡಿಸಿಟ್ಟೆ. ಟೈಮರು ಕರೆದಾಗ ಗಡಿಯಾರ ನೋಡಿ ಅಂಕಿ ಹಾಕುವುದೊಂದೇ ಕೆಲಸ. ಅದನ್ನು ಕೆಡಿಸಲು ಮೇಡಂ ಇಡೀ ಮಧ್ಯಾಹ್ನ ಹಟ ಹಿಡಿದು ಕೂತರು. ಭಾರದ ಕೆಲಸವೆಲ್ಲ ಲ್ಯಾಪ್‌ಟಾಪಿನ ತಲೆಗೆ ಹೇರಿದರು. ಅಂಕಿ ಸುಳ್ಳು ಹೇಳಲಿಲ್ಲ. ಮೇಡಂ ಹೊಗಳಲೂ ಇಲ್ಲ. ಬಸ್ ನಿಲ್ದಾಣದ ಹೋಟೆಲಿನಿಂದ ಇಬ್ಬರಿಗೂ ಮಸಾಲೆ ದೋಸೆ ತರಿಸಿದರು.

ಅವರನ್ನು ನಾನು ಕೊನೆಯ ಸಲ ನೋಡಿದ್ದು ಕೆ.ಆರ್. ನಗರದ ಪಂದ್ಯಾವಳಿಯಲ್ಲಿ. ಆ ಹೊತ್ತಿಗೆ ಕಾಯಿಲೆ ಅವರನ್ನು ಅರ್ಧ ಮಾಡಿತ್ತು. ಮೈಸೂರಿನ ಆಸ್ಪತ್ರೆಯಿಂದ ಹುಣಸೂರಿಗೆ ಹೋಗುವವರು, ಯಜಮಾನರಿಗೆ ಹೇಳಿ ಕಾರು ಈ ಕಡೆ ತಿರುಗಿಸಿಕೊಂಡು ಬಂದಿದ್ದರು. ಸೆರಗು ಮೈತುಂಬ ಹೊದ್ದು, ನನ್ನ ಮೇಜಿನ ಹಿಂದೆ ಕುರ್ಚಿ ಹಾಕಿಸಿಕೊಂಡು ಕೂತರು.

ಫೈನಲ್ ನಮ್ಮ ಕೋಟೆ ಹುಡುಗಿಯರಿಗೂ ಕೆ.ಆರ್. ನಗರದವರಿಗೂ. ಮತ್ತೆ ಕೊನೆಯ ರೈಡು, ಮತ್ತೆ ಅಂಕ ಸಮ. ನಮ್ಮ ಹುಡುಗಿ ಮುಟ್ಟಿ ಹಾರಿದಳು. ಅವಳ ಕಾಲು ಗೆರೆ ತಲುಪುವ ಮೊದಲೇ ನನ್ನ ಬಜರ್ ಕೂಗಿತು. ಔಟ್. ನಮ್ಮೂರು ಸೋತಿತು.

ಸೋಮಣ್ಣ ಸರ್ ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಸಿಟ್ಟು ಹಾಗೇ ಇತ್ತು. 'ನಮ್ಮೂರ್ ಹುಡ್ಗಿ ನೀನು ಶಶಿ. ನಿನ್ ಡಬ್ಬ ಸರಿಯಾಗ್ ಓಡ್ತಾ ಅದಾ?' ಎಂದರು. ಹಿಂದೆ ಕೂತ ಮೇಡಂ ಅವರನ್ನು ಕಂಡರು. ದನಿ ತಗ್ಗಿಸಿದರು. 'ಮೇಡಂ, ಅವತ್ತು ವಾಚ್ ನೋಡಿ ಹೇಳಿದ್ರಿ. ಇವತ್ತೂ ನೀವೇ ಹೇಳ್ಬುಡಿ. ನಿಮ್ ಮಾತು ನಾನ್ ಒಪ್ತೀನಿ.'

ನಾನೂ ತಿರುಗಿ ಅವರ ಎಡಗೈ ನೋಡಿದೆ. ಅದು ತಿರುಗಲಿ ಎಂದು ನನ್ನ ಜೀವವೆಲ್ಲ ಬೇಡುತ್ತಿತ್ತು. ಕೈ ಸೆರಗಿನೊಳಗೇ ಇತ್ತು.

'ಶಶಿ, ಎಣ್ಸಿದ್ಯಾ, ನೋಡಿದ್ಯಾ?' ಎಂದು ಕೇಳಿದರು.

'ನೋಡಿದ್ದೀನಿ ಮೇಡಂ.'

'ಮುಗೀತಲ್ಲ ಸೋಮಣ್ಣೋರೆ' ಎಂದರು ಮೇಡಂ. 'ಅವ್ಳು ನೋಡವ್ಳೆ.'

ಸೋಮಣ್ಣ ಸರ್ ತಲೆಯಾಡಿಸಿ ಹುಡುಗಿಯರ ಕಡೆ ಹೋದರು. ನಾನು ಮೇಡಂ ಅವರನ್ನು ಹಿಡಿದುಕೊಂಡು ಮೆಲ್ಲಗೆ ಕಾರಿನವರೆಗೆ ನಡೆಸಿದೆ. ಹತ್ತುವಾಗ ಅವರು ಬಾಗಿಲು ಹಿಡಿದರು, ಸೆರಗು ಜಾರಿತು. ಮಣಿಕಟ್ಟಿನ ಮೇಲೆ ಆಸ್ಪತ್ರೆಯ ಪ್ಲಾಸ್ಟರ್ ಇತ್ತು. ವಾಚು ಇರಲಿಲ್ಲ.

'ವಾಚೆಲ್ಲಿ ಮೇಡಂ?' ಎಂದೆ.

'ಮನೇಲೇ ಅದೆ' ಎಂದು ಸೀಟಿಗೆ ಒರಗಿದರು. 'ನೀನ್ ಕೂತಿರ್ತೀಯಲ್ಲ ಅಂತ ಬುಟ್ ಬಂದೆ.'