ಫ್ರಿಜ್ಜಿನ ಪುಟದಲ್ಲಿಲ್ಲದ ಸಾಲು

ಫ್ರಿಜ್ಜಿನ ಬಾಗಿಲು ಯಾವಾಗಲೂ ಮುಚ್ಚೇ ಇರುತ್ತದೆ ಎಂದು ನಂಬಿದವರ ಕೈಕೆಳಗೆ ನಾನು ಎಂಟು ತಿಂಗಳು ಕೆಲಸ ಮಾಡಿದ್ದೇನೆ. ಅವರೇನೂ ದಡ್ಡರಲ್ಲ. ದಡ್ಡರಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಆಗ ಫ್ರಿಜ್ಜುಗಳ ಮೇಲೆ ನಕ್ಷತ್ರದ ಚೀಟಿ ಕಾಣಿಸಿಕೊಂಡು ಕೆಲವೇ ವರ್ಷ ಆಗಿತ್ತು. ಆ ಚೀಟಿ ಕರೆಂಟಿನ ಖರ್ಚನ್ನಷ್ಟೇ ಹೇಳುತ್ತದೆ, ನಾವು ಅದಕ್ಕಿಂತ ದೊಡ್ಡದೊಂದು ಹಸಿರು ಚೀಟಿ ತರುತ್ತೇವೆ ಎಂದು ಬೆಂಗಳೂರಿನ ಸಂಸ್ಥೆಯೊಂದು ಹೊರಟಿತ್ತು. ಒಳಗಿನ ಗ್ಯಾಸಿನಿಂದ ಗಾಳಿಗೆ ಎಷ್ಟು ಕೇಡು, ಗೋಡೆಯೊಳಗೆ ತುಂಬಿದ ಫೋಮು ಎಂಥದ್ದು, ಕೆಟ್ಟರೆ ಬಿಡಿಭಾಗ ಎಷ್ಟು ವರ್ಷ ಸಿಗಬೇಕು, ಗುಜರಿಗೆ ಹೋದಾಗ ಏನು ಮಾಡಬೇಕು, ಎಲ್ಲಕ್ಕೂ ಒಂದೊಂದು ಮಾನದಂಡ. ಒಳ್ಳೆಯ ಕೆಲಸವೇ. ಕರಡು ಬರೆದು ಮುಗಿದ ಮೇಲೆ, ಜನ ಫ್ರಿಜ್ಜನ್ನು ಹೇಗೆ ಬಳಸುತ್ತಾರೆ ಎಂದು ಕೇಳಿ ಬರಲು ಜಿಲ್ಲೆಗೊಬ್ಬರು ಬೇಕಾದರು. ಬರೆದು ಮುಗಿದ ಮೇಲೆ, ಇದನ್ನು ಗಮನಿಸಿ. ಕೊಪ್ಪಳದ ಕಾಲೇಜಿಗೆ ಮೂರು ವರ್ಷ ಚರ್ಚಾಸ್ಪರ್ಧೆಯ ಢಾಲು ತಂದುಕೊಟ್ಟವಳು ಎಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ತೆಗೆದುಕೊಂಡರು. ಮಾತಾಡಬಲ್ಲವಳು ಕೇಳಿಸಿಕೊಳ್ಳಲೂ ಬಲ್ಲಳು ಎಂದುಕೊಂಡಿರಬೇಕು.

ಕೆಲಸಕ್ಕೆ ಸೇರಿದ ದಿನವೇ ಕರಡನ್ನು ಎರಡು ಸಲ ಓದಿದೆ. ಅದರಲ್ಲಿ ಫ್ರಿಜ್ಜಿಗೊಂದು ಭಾಗ, ಡೀಪ್ ಫ್ರೀಜರಿಗೊಂದು ಭಾಗ. ಫ್ರೀಜರಿನ ಭಾಗದಲ್ಲಿ ಒಂದು ಸಾಲಿತ್ತು: ಕರೆಂಟು ಹೋದ ಮೇಲೆ ಒಳಗಿನ ತಂಪು ಎಷ್ಟು ತಾಸು ಉಳಿಯುತ್ತದೆ ಎಂಬುದನ್ನು ಅಳೆದು ಚೀಟಿಯ ಮೇಲೆ ನಮೂದಿಸಬೇಕು. ಫ್ರಿಜ್ಜಿನ ಭಾಗದಲ್ಲಿ ಆ ಸಾಲು ಇರಲಿಲ್ಲ. ಅಲ್ಲಿದ್ದದ್ದು ಪ್ರಯೋಗಾಲಯದ ವಿವರ: ಏರುಪೇರಿಲ್ಲದ ವೋಲ್ಟೇಜು, ಏರುಪೇರಿಲ್ಲದ ಶಾಖ, ಮುಚ್ಚಿದ ಬಾಗಿಲು. ಇಂಥ ಊರು ನಮ್ಮ ಜಿಲ್ಲೆಯಲ್ಲಿ ಎಲ್ಲಿದೆ ಎಂದು ನಕ್ಷೆ ಬಿಡಿಸಿ ಹುಡುಕಿದರೂ ಸಿಗುವುದಿಲ್ಲ.

ಫಾರ್ಮುಗಳ ಕಟ್ಟು ಹಿಡಿದು ತಿರುಗಿದೆ. ಕುಷ್ಟಗಿಯಲ್ಲಿ ಒಬ್ಬ ಮೇಷ್ಟ್ರು ನಕ್ಷತ್ರದ ಚೀಟಿಗೆ ವಿಭೂತಿ ಬಳಿದು ನಡುವೆ ಕುಂಕುಮ ಇಟ್ಟಿದ್ದರು. ಅಂಕಿ ಒಂದೂ ಓದಲು ಬರುತ್ತಿರಲಿಲ್ಲ. ಯಲಬುರ್ಗಾದಲ್ಲಿ ಒಂದು ಮನೆಯವರು ಬೇಸಿಗೆಯ ನಾಲ್ಕು ತಿಂಗಳು ಫ್ರಿಜ್ಜಿಗೆ ಕೀಲಿ ಹಾಕಿ ಅದರಲ್ಲಿ ರೇಷ್ಮೆ ಸೀರೆ, ಹೊಲದ ಪಹಣಿ ಇಡುತ್ತಿದ್ದರು. ಕರೆಂಟು ಇಲ್ಲದಿದ್ದರೂ ಇಲಿ ಬರುವುದಿಲ್ಲವಲ್ಲ ಎಂಬುದು ಆ ಮನೆಯ ಹಿರಿಯರ ವಾದ. ತೆಗೆದುಹಾಕುವಂಥ ವಾದವಲ್ಲ. ಇರಕಲ್ಲಗಡದಲ್ಲಿ ಒಬ್ಬಾಕೆ, ನಿಮ್ಮ ಸಂಸ್ಥೆಯವರು ಮೊದಲು ಕರೆಂಟಿಗೆ ಒಂದು ಚೀಟಿ ಹಚ್ಚಲಿ, ಆಮೇಲೆ ಫ್ರಿಜ್ಜಿಗೆ ಹಚ್ಚಲಿ ಎಂದು ಹೇಳಿ ಕಳಿಸಿದರು.

ಕೊನೆಗೆ ಗಂಗಾವತಿಗೆ, ನಮ್ಮ ಚಿಗವ್ವನ ಮನೆಗೆ ಹೋದೆ. ಚಿಗವ್ವ ಎಂದರೆ ನಮ್ಮವ್ವನ ತಂಗಿ. ಅಕ್ಕಿ ಮಿಲ್ಲಿನ ಹಿಂದಿನ ಓಣಿಯಲ್ಲಿ ಅವಳದು. ಓಣಿಗೆಲ್ಲ ಅವಳದೊಂದೇ ಫ್ರಿಜ್ಜು, ಅದೂ ಪಡಸಾಲೆಯಲ್ಲಿ, ಬಾಗಿಲಿಗೆ ಎದುರು. ಎದುರುಮನೆಯ ಹಾಲು, ಮೂಲೆಮನೆಯವರ ಕಣ್ಣಿನ ಔಷಧ, ಇನ್ಯಾರದೋ ದೋಸೆ ಹಿಟ್ಟು ಎಲ್ಲ ಅದರೊಳಗೇ. ಕೆಳಗಿನ ತರಕಾರಿ ಟ್ರೇ ಪೂರ್ತಿ ಹೂವಿನ ಅಕ್ಕನದು. ಆಕೆ ಓಣಿಯ ತುದಿಯಲ್ಲಿ ಇರುವ ವಿಧವೆ. ಹಡಗಲಿ ಕಡೆಯಿಂದ ಮಧ್ಯಾಹ್ನದ ಬಸ್ಸಿಗೆ ಬರುವ ಮಲ್ಲಿಗೆ ಮೊಗ್ಗು ಕೊಂಡು, ಒದ್ದೆ ಬಟ್ಟೆಯಲ್ಲಿ ಸುತ್ತಿ ಅಲ್ಲಿಡುವುದು; ಬೆಳಿಗ್ಗೆ ತೆಗೆದು ಕಟ್ಟಿ ಮಾರುವುದು. ಮೊಗ್ಗು ಮೊಗ್ಗಾಗಿ ಇದ್ದರೆ ಮಾಲೆ. ಅರಳಿತೋ, ಯಾರೂ ಮೂಸುವುದಿಲ್ಲ. ಆ ಫ್ರಿಜ್ಜು ಮುದಿಯಾಗಿ ಗರಗರ ಅನ್ನುತ್ತಿತ್ತು. ಹೊಸದು ಕೊಳ್ಳಬೇಕೆಂದು ಚಿಗವ್ವ ಹಣ ಕೂಡಿಸಿಟ್ಟಿದ್ದಳು. ಯಾವುದನ್ನು ಕೊಂಡರೆ ಕರೆಂಟು ಹೋದಾಗಲೂ ಮೊಗ್ಗು ತಡೆದೀತು ಎಂಬುದು ಆ ಇಬ್ಬರ ಒಂದೇ ಪ್ರಶ್ನೆ. ಅದನ್ನು ನನ್ನನ್ನೇ ಕೇಳಿದರು, ಆ ಆಫೀಸಿನವಳು ನಾನೇ ಅಲ್ಲವೆ. ಚೀಟಿಯಲ್ಲಿ ಅದು ಇರುವುದಿಲ್ಲ ಎಂದೆ. ಹೂವಿನ ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಮತ್ತ ಏನ್ ಬರದಾರ ತಂಗಿ ಅದರಾಗ?"

ಫಾರ್ಮಿನಲ್ಲಿ 'ನಿಮ್ಮ ಕುಟುಂಬದಲ್ಲಿ ಎಷ್ಟು ಜನ ಬಳಸುತ್ತೀರಿ' ಎಂಬ ಪ್ರಶ್ನೆಗೆ ಚಿಗವ್ವ ಓಣಿಯವರನ್ನೆಲ್ಲ ಬೆರಳು ಮಡಚಿ ಎಣಿಸಿದಳು. ನಾನು ಹಾಗೇ ಬರೆದೆ. ನಮ್ಮ ಮೇಲ್ವಿಚಾರಕರು, ಬೆಂಗಳೂರಿನಿಂದ ಬಂದ ಸಣ್ಣ ವಯಸ್ಸಿನ ಎಂಜಿನಿಯರು, ಆ ಫಾರ್ಮಿನ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು 'ವ್ಯಾಪಾರಿ ಬಳಕೆ' ಎಂದು ಬರೆದರು. ಹೀಗೇ ನಾಲ್ಕಾರು ಮನೆಯವರು ಹಂಚಿಕೊಂಡು ಬಳಸುತ್ತಿದ್ದ ಸಿದ್ದಾಪುರದ ಎರಡು ಫ್ರಿಜ್ಜುಗಳ ಫಾರ್ಮುಗಳಿಗೂ ಅದೇ ಗತಿ. ಅವರ ವಾದ ಸರಳ: ನಾವು ಮಾನದಂಡ ಬರೆಯುತ್ತಿರುವುದು ಮನೆಬಳಕೆಯ ಫ್ರಿಜ್ಜಿಗೆ; ಒಂದು ಮನೆ ಎಂದರೆ ಒಂದು ಕುಟುಂಬ; ಓಣಿ ಅಂದರೆ ಅದು ಮನೆಯಲ್ಲ.

ನಾನು ಬಿಡಲಿಲ್ಲ. ಫ್ರಿಜ್ಜು ಮನೆಯೊಳಗಿದೆ, ಬಿಲ್ಲು ಮನೆಯದು, ಯಾರಿಂದಲೂ ಚಿಗವ್ವ ಒಂದು ಪೈಸೆ ಮುಟ್ಟಿಲ್ಲ. ಹಾಗಿರುವಾಗ ಇದು ವ್ಯಾಪಾರ ಹೇಗೆ? ಫ್ರೀಜರಿಗೆ ಬೇಕಾದ ಸಾಲು ಫ್ರಿಜ್ಜಿಗೆ ಯಾಕೆ ಬೇಡ? ತಾಸಿಗೆ ಹತ್ತು ಸಲ ಬಾಗಿಲು ತೆಗೆಯುವ ಕಡೆ ತಂಪು ಎಷ್ಟು ಹೊತ್ತು ನಿಂತೀತು? ಅವರು ಸಿಟ್ಟಾಗಲಿಲ್ಲ, ಅದೇ ಇನ್ನೂ ಉರಿಸಿತು. ಕರೆಂಟು ಹೋದಾಗ ಬಾಗಿಲು ತೆಗೆಯಬೇಡಿ ಎಂದು ಬಳಕೆದಾರರಿಗೆ ತಿಳಿಹೇಳಿದರೆ ಸಾಕು ಎಂದರು. ಬಾಗಿಲು ನೀವಂದಷ್ಟು ಸಲ ತೆಗೆಯುತ್ತಾರೆ ಅನ್ನುವುದಕ್ಕೆ ದಾಖಲೆ ತನ್ನಿ, ಕರಡಿನ ಬಗ್ಗೆ ಕೊಪ್ಪಳದಲ್ಲಿ ನಡೆಯುವ ಸಭೆಯಲ್ಲಿ ಇಡೋಣ ಎಂದರು. ತರುತ್ತೇನೆ ಎಂದೆ.

ಇಲ್ಲಿ ನನ್ನದೊಂದು ತಪ್ಪಾಯಿತು. ಅದನ್ನು ಬರೆಯದೆ ಬೇರೆಯವರ ಮೇಲೆ ಹರಿಹಾಯುವುದು ನ್ಯಾಯವಲ್ಲ.

ಎಣಿಕೆಯ ಉಪಾಯ ಹೇಳಿಕೊಟ್ಟದ್ದು ಚಿಗವ್ವನೇ. ಬಾಗಿಲು ತೆಗೆದವರು ಪ್ರತಿ ಸಲ ಒಂದು ಹುಣಸೆ ಬೀಜವನ್ನು ಎಣ್ಣೆ ಡಬ್ಬಿಗೆ ಹಾಕುವುದು. ಸಂಜೆ ಸುರಿದು ಎಣಿಸುವುದು. ಹೀಗೆ ಏಳು ದಿನ. ಬೀಜದ ಬಟ್ಟಲನ್ನು ಫ್ರಿಜ್ಜಿನ ಮೇಲಿಡುವಾಗ ನನ್ನ ಬಾಯಿ ಸುಮ್ಮನಿರಲಿಲ್ಲ. ನೋಡು ಚಿಗವ್ವ, ಆ ಸಾಹೇಬ ನಿನ್ನ ಫ್ರಿಜ್ಜನ್ನು ವ್ಯಾಪಾರದ್ದು ಅಂತ ಕೆಂಪಕ್ಷರದಲ್ಲಿ ಬರೆದಾನ ಎಂದು ಸಿಟ್ಟಿನಲ್ಲಿ ಹೇಳಿದೆ. ಆಕೆ ಹೌದಾ ಎಂದಷ್ಟೇ ಕೇಳಿದಳು. ನಾನು ಬಸ್ಸು ಹತ್ತಿದೆ.

ಎಂಟನೆಯ ದಿನ ಬಂದು ಲೆಕ್ಕದ ಹಾಳೆ ನೋಡಿದರೆ, ದಿನಕ್ಕೆ ಒಂಬತ್ತು, ಹತ್ತು, ಹೆಚ್ಚೆಂದರೆ ಹನ್ನೊಂದು ಬೀಜ. ನಾನು ಅಲ್ಲಿ ಒಂದು ತಾಸು ಕೂತಾಗಲೇ ಅಷ್ಟು ಸಲ ಬಾಗಿಲು ತೆಗೆದದ್ದನ್ನು ಕಂಡವಳು. ಎಲ್ಲರೂ ಬೀಜ ಹಾಕಿದರಾ ಎಂದೆ. "ಹಾಕ್ಯಾರ ಯವ್ವಾ, ಒಂದೂ ತಪ್ಪಿಲ್ಲ" ಎಂದಳು ಚಿಗವ್ವ. ಆ ಮಾತು ನಿಜವೇ ಆಗಿತ್ತು. ನನಗೆ ನಂಬಿಕೆ ಬರಲಿಲ್ಲ, ಆದರೂ ಬಂದದ್ದನ್ನು ಬಂದಂತೆ ಕೊಡುವುದೇ ಪ್ರಾಮಾಣಿಕತೆ ಎಂದುಕೊಂಡು ಲೆಕ್ಕವನ್ನು ನನ್ನ ಕೈಯಿಂದಲೇ ಬೇರೆ ಹಾಳೆಗೆ ಇಳಿಸಿ, ಸಹಿ ಹಾಕಿ ಮೇಲ್ವಿಚಾರಕರಿಗೆ ಕೊಟ್ಟೆ. ಅವರ ಮುಖ ಅರಳಿತು.

ಸಭೆಯ ಹಿಂದಿನ ದಿನ ಗಂಗಾವತಿ ಬಸ್ ಸ್ಟ್ಯಾಂಡಿನಲ್ಲಿ ಹೂವಿನ ಅಕ್ಕ ಸಿಕ್ಕಳು. ಬುಟ್ಟಿಯ ಮುಂದೆ ಕೂತಿದ್ದಳು. ಹೆಂಗದೀ ಅಕ್ಕ ಎಂದರೆ ಬುಟ್ಟಿಯ ಮೇಲಿನ ಒದ್ದೆ ಬಟ್ಟೆ ಸರಿಮಾಡಿದಳು. ಒಂದು ಮಾಲೆ ಕೊಡು ಎಂದರೆ, ಆಫೀಸಿನವರಿಗೆ ಮಾರೂದಿಲ್ಲ ಎಂದಳು. ತಮಾಷೆ ಇರಬೇಕು ಎಂದು ನಕ್ಕೆ. ಆಕೆ ನಗಲಿಲ್ಲ.

"ನೀ ಎಣಿಸಾಕ ಬಂದಿ. ಏಳು ದಿನ ನಾ ಹೊರಗ ಉಳದ್ನಿ."

ಆಮೇಲೆ ಒಂದೊಂದಾಗಿ ಹೊರಬಿತ್ತು. ವ್ಯಾಪಾರ ಎಂದು ಸಾಹೇಬರು ಬರೆದಿದ್ದಾರೆ ಎಂದರೆ ನಾಳೆ ಕರೆಂಟಿನವರು ಬಂದು ಮನೆಯ ಮೀಟರನ್ನು ಅಂಗಡಿ ಮೀಟರು ಮಾಡುತ್ತಾರೆ ಎಂದು ಚಿಗವ್ವ ತಿಳಿದಿದ್ದಳು. ಅದಕ್ಕೆ ಓಣಿಯವರಿಗೆಲ್ಲ ಹೇಳಿದ್ದಾಳೆ: ಏಳು ದಿನ ಯಾರೂ ಬರಬೇಡಿ, ಹುಡುಗಿ ಲೆಕ್ಕ ಬರೆಯುತ್ತಾಳೆ. ಓಣಿಯವರು ಅವಳ ಮಾನ ಕಾಯಲು ಹಾಲನ್ನು ಮತ್ತೆ ಮತ್ತೆ ಕಾಯಿಸಿಕೊಂಡು ಕುಡಿದರು. ಮೊಗ್ಗನ್ನು ಹಾಗೆ ಕಾಯಿಸಿ ಇಡಲು ಬರುತ್ತದೆಯೇ? ಅಕ್ಕ ಅದನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿ ಗಡಿಗೆಯ ಮೇಲಿಟ್ಟಳಂತೆ. ಬೆಳಿಗ್ಗೆ ನೋಡಿದರೆ ಅರ್ಧಕ್ಕರ್ಧ ಅರಳಿರುತ್ತಿತ್ತು. ಏಳು ದಿನವೂ ಬಿಡಿಹೂವೆಂದು ಸಿಕ್ಕ ಬೆಲೆಗೆ ಸುರಿದು ಬಂದಿದ್ದಳು. ಚಿಗವ್ವನ ಮೇಲೆ ಆಕೆಗೆ ಸಿಟ್ಟಿರಲಿಲ್ಲ. "ಆಕೀದೇನ್ ತಪ್ಪು? ಹೆದರಿಸಿದಾಕಿ ನೀನು" ಎಂದಳು.

ಅಲ್ಲಿಂದಲೇ ಮೇಲ್ವಿಚಾರಕರಿಗೆ ಫೋನು ಮಾಡಿ, ಹಾಳೆ ತಪ್ಪಾಗಿದೆ, ಹಿಂದಕ್ಕೆ ಕೊಡಿ ಎಂದೆ. ಈಗಾಗಲೇ ವರದಿಗೆ ಸೇರಿದೆ ಎಂದರು.

ಮರುದಿನ ಕೊಪ್ಪಳದ ಸಭೆ. ಬೆಂಗಳೂರಿನಿಂದ ಬಂದ ಅಧ್ಯಕ್ಷರು, ಇಬ್ಬರು ಅಂಗಡಿ ಮಾಲೀಕರು, ಕೆಲವು ಅಧಿಕಾರಿಗಳು, ಉಪ್ಪಿಟ್ಟು, ಚಹಾ. ನಮ್ಮ ಮೇಲ್ವಿಚಾರಕರು ಎದ್ದು ನನ್ನ ಹಾಳೆಯನ್ನೇ ಓದಿದರು. ಗಂಗಾವತಿಯಂಥ ಊರಿನಲ್ಲಿಯೂ ದಿನಕ್ಕೆ ಬಾಗಿಲು ತೆರೆಯುವುದು ಇಷ್ಟೇ ಸಲ, ಕರಡಿನ ಊಹೆ ಸರಿಯಾಗಿದೆ, ಫ್ರೀಜರಿನ ಸಾಲು ಫ್ರಿಜ್ಜಿಗೆ ಅಗತ್ಯವಿಲ್ಲ ಎಂದರು. ನನ್ನ ಅಕ್ಷರ, ನನ್ನ ಸಹಿಯೇ ನನ್ನ ವಾದವನ್ನು ಇರಿದ ಹಾಗಾಯಿತು.

ಎದ್ದು ನಿಂತೆ. ಸ್ಪರ್ಧೆಯಲ್ಲಿ ಪರವಾಗಿಯೂ ವಿರೋಧವಾಗಿಯೂ ಮಾತಾಡಿ ಅಭ್ಯಾಸವಿದ್ದವಳು. ನನ್ನದೇ ದಾಖಲೆಯ ವಿರುದ್ಧ ಮಾತಾಡಿದ್ದು ಅದೊಂದೇ ಸಲ. ಹಾಳೆಯಲ್ಲಿರುವ ಎಣಿಕೆ ನಿಜ, ಆದರೆ ಆ ಏಳು ದಿನಗಳೇ ಸುಳ್ಳು ಎಂದೆ. ನಾವು ಬರೆದ ಎರಡು ಪದಕ್ಕೆ ಹೆದರಿ ಒಂದು ಓಣಿ ತನ್ನ ಬದುಕನ್ನು ಬದಿಗಿಟ್ಟು ನಮಗೆ ಬೇಕಾದಂತೆ ನಡೆದುಕೊಂಡಿದೆ, ಹಾಗೆ ಮಾಡಿ ನಷ್ಟ ಉಂಡಿದೆ, ಆ ನಷ್ಟವನ್ನೇ ನೀವು ಸಾಕ್ಷಿ ಎಂದು ಓದುತ್ತಿದ್ದೀರಿ ಎಂದೆ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು.

"ನಿನ್ನೆವರೆಗೆ ನಿಜವಾಗಿದ್ದ ದಾಖಲೆ ಇವತ್ತು ಸುಳ್ಳಾಯಿತೇನಮ್ಮ?"

"ಮೊದಲಿನಿಂದಲೂ ಸುಳ್ಳೇ ಇತ್ತು ಸರ್. ನನಗೆ ಗೊತ್ತಾಗಿದ್ದು ನಿನ್ನೆ."

ಯಾರೋ ನಕ್ಕರು. ಗೊಂದಲವಿರುವುದರಿಂದ ಗಂಗಾವತಿಯ ದಾಖಲೆಯನ್ನು ಪೂರ್ತಿ ಕೈಬಿಡೋಣ ಎಂದು ಅಧ್ಯಕ್ಷರು ತೀರ್ಮಾನಿಸಿದರು. ಅಲ್ಲಿಗೆ ಸುಳ್ಳು ಹೋಯಿತು, ಅದರ ಜೊತೆಗೆ ಓಣಿಯೂ ಹೋಯಿತು. ಇದನ್ನು ನ್ಯಾಯ ಎಂದು ಕರೆಯುವವರಿದ್ದಾರೆ. ಮತ್ತೊಮ್ಮೆ ಎಣಿಸಲು ಒಂದು ವಾರ ಕೊಡಿ ಎಂದು ಕೇಳಿದೆ. ವೇಳಾಪಟ್ಟಿಯಲ್ಲಿ ಇಲ್ಲ ಎಂದರು.

ಅದಾಗಿ ಹದಿನೈದು ದಿನಕ್ಕೆ ಚಿಗವ್ವನ ಫ್ರಿಜ್ಜು ಪೂರ್ತಿ ನಿಂತುಹೋಯಿತು. ಅಂಗಡಿಗೆ ನಾನೂ ಬರಬೇಕೆಂದು ಕರೆದಳು. ಹೂವಿನ ಅಕ್ಕನೂ ಬಂದಿದ್ದಳು, ನನ್ನ ಜೊತೆ ಮಾತಿಲ್ಲ. ಅಂಗಡಿಯವನು ಎರಡು ಫ್ರಿಜ್ಜು ತೋರಿಸಿದ. ನಕ್ಷತ್ರ ಎರಡಕ್ಕೂ ಅಷ್ಟೇ, ಬೆಲೆಯಲ್ಲೂ ಹೆಚ್ಚುಕಡಿಮೆ ಇಲ್ಲ. ಕರೆಂಟು ಹೋದರೆ ಯಾವುದು ಹೆಚ್ಚು ಹೊತ್ತು ತಂಪು ಹಿಡಿಯುತ್ತದೆ ಎಂದು ಅಕ್ಕ ಕೇಳಿದಳು. ಆತ ಚೀಟಿಯ ಕಡೆ ಕೈ ತೋರಿಸಿದ. ಆಕೆ ನನ್ನ ಕಡೆ ತಿರುಗಿದಳು. ಅದರಲ್ಲಿ ಇಲ್ಲವೆಂದು ನಾನು ತಲೆ ಅಲ್ಲಾಡಿಸಿದೆ.

"ಎರಡೂ ಚಾಲೂ ಮಾಡಿ ಇಡ್ರಿ," ಎಂದಳು ಅಕ್ಕ ಅಂಗಡಿಯವನಿಗೆ. "ನಾಳಿಗೆ ಬರ್ತೀವಿ."

ಮರುದಿನ ಬೆಳಿಗ್ಗೆ, ರಾತ್ರಿ ಅರಳದೆ ಉಳಿದವನ್ನು ಆರಿಸಿ ಎರಡು ಬೊಗಸೆ ಮೊಗ್ಗು, ಎರಡು ಒದ್ದೆ ಬಟ್ಟೆ ತಂದಳು. ಎರಡರಲ್ಲೂ ಒಂದೇ ಜಾಗದಲ್ಲಿ ಇಟ್ಟಳು. ತುಸು ಹೊತ್ತು ಬಿಟ್ಟು ಎರಡರ ಪ್ಲಗ್ಗನ್ನೂ ಕಿತ್ತಳು. ಅಂಗಡಿಯವನು ಏನಿದು ಯವ್ವಾ ಎಂದರೆ, ನಿಮ್ಮ ಅಂಗಡ್ಯಾಗ ಕರೆಂಟ್ ಹೋಗೇತಿ ಅಂತ ತಿಳೀರಿ ಎಂದಳು. ಇಷ್ಟು ರೊಕ್ಕ ಕೊಟ್ಟು ಒಯ್ಯುವವರು ನಾವು ಎಂದು ಚಿಗವ್ವ ಸೇರಿಸಿದಳು. ಆಮೇಲೆ ಇಬ್ಬರೂ ಅಂಗಡಿಯ ಮೆಟ್ಟಿಲ ಮೇಲೆ ಕೂತರು. ಒಬ್ಬ ಗಿರಾಕಿ ಒಳಗೆ ಬಂದರೆ ಅಕ್ಕ ಎದ್ದು ಹೋಗಿ ಎರಡರ ಬಾಗಿಲನ್ನೂ ಒಂದೊಂದು ಸಲ ತೆಗೆದು ಹಾಕಿ ಬರುವಳು. ಓಣಿಯಲ್ಲೂ ಒಬ್ಬರು ಬಂದರೆ ಒಂದು ಸಲ, ಹೀಗೇ ಅಲ್ಲವೆ ತೆಗೆಯುವುದು. ಮಧ್ಯಾಹ್ನ ಅಕ್ಕ ಬುತ್ತಿ ಬಿಚ್ಚಿದಾಗ ನನಗೂ ರೊಟ್ಟಿ ಕೊಟ್ಟಳು.

ಸಂಜೆ ಬಿಚ್ಚಿ ನೋಡಿದೆವು. ಒಂದರಲ್ಲಿ ಮೊಗ್ಗೆಲ್ಲ ಬಾಯಿ ಬಿಟ್ಟಿತ್ತು. ಇನ್ನೊಂದರಲ್ಲಿ ಬಿಗಿಯಾಗಿ, ತಂದಾಗ ಇದ್ದಂತೆಯೇ ಇತ್ತು. ನಕ್ಷತ್ರ ಮಾತ್ರ ಎರಡಕ್ಕೂ ಸಮ. ಚಿಗವ್ವ ಬಿಗಿಮೊಗ್ಗಿನ ಫ್ರಿಜ್ಜನ್ನು ಟಂಟಂ ಆಟೋದಲ್ಲಿ ಹಾಕಿಸಿಕೊಂಡು ಹೋದಳು.

ಇದನ್ನೆಲ್ಲ ನಾಲ್ಕು ಪುಟ ಬರೆದು ಸಂಸ್ಥೆಗೆ ಕಳಿಸಿದೆ. ಮುಂದಿನ ಪರಿಷ್ಕರಣೆಯಲ್ಲಿ ಪರಿಗಣಿಸಲಾಗುವುದು ಎಂಬ ಉತ್ತರ ಬಂತು. ಮಾನದಂಡಗಳ ಪುಸ್ತಕ ಅಚ್ಚಾಗಿ ಬಂದಾಗ ತೆಗೆದು ನೋಡಿದೆ. ಫ್ರೀಜರಿನ ಪುಟದಲ್ಲಿ ಆ ಸಾಲು ಹಾಗೇ ಇತ್ತು, ಫ್ರಿಜ್ಜಿನ ಪುಟದಲ್ಲಿ ಇರಲಿಲ್ಲ. ಒಂದು ಸಾಲು ಒಂದು ಪುಟದಿಂದ ಇನ್ನೊಂದಕ್ಕೆ ದಾಟಲು ಯಾವ ಹೊಳೆ ಅಡ್ಡ ಬಂದಿತ್ತೋ, ನನಗೆ ಈವರೆಗೆ ಯಾರೂ ಹೇಳಿಲ್ಲ.

ಗಂಗಾವತಿಯಲ್ಲಿ ಸುದ್ದಿ ಹಬ್ಬಿತು. ಆ ಬೇಸಿಗೆಯಲ್ಲಿ ಬೇರೆ ಓಣಿಗಳ ಹೆಂಗಸರೂ ಮೊಗ್ಗು ಹಿಡಿದು ಆ ಅಂಗಡಿಯ ಮೆಟ್ಟಿಲಿಗೆ ಬರತೊಡಗಿದರು. ಹೂವಿನ ಅಕ್ಕ ಹೇಗೆ ಸುತ್ತಬೇಕು ಎಂದು ಅವರಿಗೆ ತೋರಿಸಿಕೊಡುತ್ತಿದ್ದಳಂತೆ. ಮುಂದಿನ ಸಲ ನಾನು ಹೋದಾಗ ಅಂಗಡಿಯ ಗಾಜಿನ ಬಾಗಿಲಿಗೆ ಹೊಸದೊಂದು ಬೋರ್ಡು ತೂಗುತ್ತಿತ್ತು: 'ಒಳಗೆ ಹೂವು ತರಬಾರದು.'