ಮನೆಯಲ್ಲಿ ಒಂದೇ ಭಾಷೆ ಎಂದ ಕಸ್ತೂರೆವ್ವ

ಐನಾಪುರದ ಅಂಗನವಾಡಿ ಕಸ್ತೂರೆವ್ವ ಭಾನುವಾರ ಮನೆಯಲ್ಲಿದ್ದದ್ದನ್ನು ಕಂಡವರಿಲ್ಲ. ಹತ್ತು ವರ್ಷದಿಂದ ಅವಳದು ಅದೇ ಪಾಡು: ಬೆಳಗಿನ ಬಸ್ಸು, ಹೆಗಲಿಗೊಂದು ಬಟ್ಟೆಯ ಚೀಲ, ಯಾವುದೋ ಊರಿನ ಶಾಲೆಯ ಕಟ್ಟೆ. ಅಲ್ಲಿ ಕೂತ ಹೆಂಗಸರಿಗೆ ಆಟಿಸಂ ಅಂದರೇನು ಅಂತ ಗಂಟಲು ಒಣಗುವ ತನಕ ಹೇಳುವುದು. ರಾಯಬಾಗದಲ್ಲಿ ನಲವತ್ತು ಮಂದಿ ಬಂದರೆ ಕಾಗವಾಡದಲ್ಲಿ ನಾಲ್ವರು. ಅವರಲ್ಲೂ ಇಬ್ಬರು ಪೋಲಿಯೋ ಹನಿ ಹಾಕುತ್ತಾರೆಂದು ಬಂದವರು. ಈ ಕೆಲಸ ಮಾಡು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಸಾಕು ಬಿಡು ಅನ್ನುವವರು ಮಾತ್ರ ಬೇಕಾದಷ್ಟಿದ್ದರು.

ಅವಳ ಮಗ ಭರಮು ಐದು ತುಂಬಿದರೂ ಮಾತಾಡಿರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ, ಬೀಸುವ ಕಲ್ಲು ತಿರುಗುವುದನ್ನು ಮಾತ್ರ ತಾಸುಗಟ್ಟಲೆ ನೋಡುತ್ತಿದ್ದ. ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ದಾಯಿತು, ಗಿಳಿ ಕಚ್ಚಿದ ಪೇರಲ ತಿನ್ನಿಸಿದ್ದಾಯಿತು. ಕೊನೆಗೆ ೧೯೮೬ರಲ್ಲಿ ದೂರದ ಪಟ್ಟಣದ ಡಾಕ್ಟರೊಬ್ಬರು ಅದಕ್ಕೊಂದು ಹೆಸರು ಹೇಳಿದರು. ಜೊತೆಗೆ ಇನ್ನೊಂದು ಮಾತು: ಮನೆಯಲ್ಲಿ ಎರಡೆರಡು ಭಾಷೆ ಬೇಡ, ಮಗುವಿನ ತಲೆ ಗೊಂದಲವಾಗುತ್ತದೆ. ಕಸ್ತೂರೆವ್ವನ ತವರು ಮರಾಠಿ, ಗಂಡನ ಮನೆ ಕನ್ನಡ. ಈ ಗಡಿಯಲ್ಲಿ ಅಂಥ ಮನೆಗಳಿಗೇನು ಬರ? ಅವಳು ಅಂದೇ ಮಗನ ಜೊತೆ ಮರಾಠಿ ನಿಲ್ಲಿಸಿದಳು. ಎಂಟು ತಿಂಗಳಿಗೆ ಭರಮು ‘ನೀರ’ ಅಂದ. ಅವಳ ನಂಬಿಕೆಗೆ ಅಷ್ಟು ಸಾಕಾಯಿತು.

ಆಮೇಲೆ ಊರೂರಿಗೆ ಹೋಗಿ ಹೇಳಿದಳು: ಕಟ್ಟಿಹಾಕಬೇಡಿ, ಹೊಡೆಯಬೇಡಿ, ತಾಯಿಯ ಪಾಪ ಅನ್ನಬೇಡಿ, ಮನೆಯಲ್ಲಿ ಒಂದೇ ಭಾಷೆ ಇರಲಿ. ಮೊದಲ ಮೂರನ್ನು ಜನ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟರು. ನಾಲ್ಕನೆಯದನ್ನು ಮಾತ್ರ ಚಾಚೂ ತಪ್ಪದೆ ಪಾಲಿಸಿದರು. ಖರ್ಚಿಲ್ಲದ ಔಷಧ ನೋಡಿ!

೧೯೯೭ರಲ್ಲಿ ಬೆಳಗಾವಿಯಲ್ಲೊಂದು ತರಬೇತಿ ನಡೆಯಿತು. ಅಲ್ಲಿ ಪಾಠ ಹೇಳಲು ಬಂದ ಹೆಂಗಸು, ಎರಡು ಭಾಷೆಯಿಂದ ಈ ಮಕ್ಕಳಿಗೆ ಕೆಡುಕೇನೂ ಇಲ್ಲ, ತಾಯಿ ತನಗೆ ಸಲೀಸಾಗಿ ಬರುವ ಮಾತಿನಲ್ಲೇ ಮಗುವನ್ನು ಮಾತಾಡಿಸಬೇಕು ಅಂದಳು. ಸುತ್ತಲಿನವರು ಬರೆದುಕೊಂಡರು. ಕಸ್ತೂರೆವ್ವ ಬರೆಯಲಿಲ್ಲ. ಅವಳಿಗೆ ಮೊದಲು ನೆನಪಾದವಳು ಸತ್ತಿ ಊರಿನ ಅಕ್ಕುತಾಯಿ, ನಿಪ್ಪಾಣಿ ಕಡೆಯ ಮರಾಠಿ ಹೆಣ್ಣು. ಒಂಬತ್ತು ವರ್ಷದ ಹಿಂದೆ, ಮೂರು ವರ್ಷದ ಮಗಳು ಸುನಂದಾಳನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂತು ಇವಳ ಮಾತು ಕೇಳಿದ್ದವಳು.

ಎಂಟು ದಿನ ಬಿಟ್ಟು, ಅಥಣಿಯಲ್ಲಿ ಬಸ್ಸು ಬದಲಿಸಿ ಸತ್ತಿಗೆ ಹೋದಳು. ಹನ್ನೆರಡರ ಸುನಂದಾ ಪಡಸಾಲೆಯಲ್ಲಿ ಕೂತು ಶೇಂಗಾ ಒಂದೊಂದೇ ಸಾಲಾಗಿ ಇಡುತ್ತಿದ್ದಳು. ಅಕ್ಕುತಾಯಿ ನೀರು ಕೊಟ್ಟಳು. ಕಸ್ತೂರೆವ್ವ ಚರಿಗೆ ಮುಟ್ಟಲಿಲ್ಲ.

"ಅಕ್ಕುತಾಯಿ, ನಾ ಹೇಳಿದ್ದು ತಪ್ಪಿತ್ತು. ಮಗಳ ಕೂಡ ನೀ ಮರಾಠಿ ಬಿಡಬೇಕಾಗಿರಲಿಲ್ಲ."

ಅಕ್ಕುತಾಯಿ ಮಗಳ ಕಡೆ ನೋಡಿದಳು.

"ಒಂಬತ್ತ ವರ್ಷ ಆತ್ರಿ ಬಾಯಾರ. ನನಗ ಕನ್ನಡ ಸರಿ ಬರ್ತಿದ್ದಿಲ್ಲ. ತಪ್ಪ ಮಾತಾಡಿದ್ರ ಆಕಿ ತಲಿ ಮತ್ತ ಕೆಡ್ತೈತಿ ಅಂತ ಮಾತಽ ಬಿಟ್ಟೆ. ಬಾ, ಉಣ್ಣು, ಮಲಕ್ಕೊ. ಇಷ್ಟ."

ಅವಳು ಬೈದಿದ್ದರೆ ಕಸ್ತೂರೆವ್ವನಿಗೆ ಎಷ್ಟೋ ಹಗುರಾಗುತ್ತಿತ್ತು. ಬೈಯಲಿಲ್ಲ. ಎದ್ದು ಹೋಗಿ ಮಗಳ ಹತ್ತಿರ ಕೂತಳು. "ಯೇ ಗ ಬಾಳಾ," ಅಂತ ತನ್ನ ಮಾತಿನಲ್ಲಿ ಕರೆದಳು. ದನಿ ಅವಳಿಗೇ ಹೊಸದೆನ್ನಿಸಿತೋ ಏನೋ, ಮೆಲ್ಲಗೆ ಇನ್ನೊಮ್ಮೆ ಕರೆದಳು. ಸುನಂದಾ ಶೇಂಗಾ ಇಡುತ್ತಲೇ ಇದ್ದಳು. ಅಕ್ಕುತಾಯಿ ಬಿಡದೆ ಏನೇನೋ ಹೇಳತೊಡಗಿದಳು, ತವರಿನ ಬಾವಿಯ ಸುದ್ದಿ, ಎಮ್ಮೆಯ ಸುದ್ದಿ. ಕೇಳುತ್ತ ಕಸ್ತೂರೆವ್ವನ ಕಣ್ಣು ತುಂಬಿತು. ಇಂಥ ಮನೆಗಳು ಇನ್ನೂ ಎಷ್ಟಿವೆಯೋ, ಅವಳು ಬಲ್ಲವಳಲ್ಲ.

ಹೊರಡುವಾಗ ಅಕ್ಕುತಾಯಿ ಬಾಗಿಲ ತನಕ ಬಂದಳು.

"ನಿಮ್ಮ ಭರಮೂನ ಕೂಡ ಮಾತಾಡಿದ್ರೇನ್ರಿ, ಮರಾಠಿಯೊಳಗ?"

ಕಸ್ತೂರೆವ್ವ ಚಪ್ಪಲಿ ಮೆಟ್ಟುತ್ತಿದ್ದವಳು ಹಾಗೇ ನಿಂತಳು.

"ಇಲ್ಲವ್ವಾ. ನಾ ಇನ್ನೂ ಬಾಯಿ ಬಿಟ್ಟಿಲ್ಲ," ಅಂದಳು. "ಹನ್ನೊಂದ ವರ್ಷ ಬಿಟ್ಟೇನಿ. ಈಗ ಕರದಾಗ ಅಂವ ತಿರುಗಿ ನೋಡಿಬಿಟ್ರ ನಾ ಏನ ಮಾಡ್ಲಿ?"